ರ‍್ಯಾಕೆಟ್ಟಿಗೆ ಶ್ರುತಿ

ಶಿರಸಿ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹುಬ್ಬಳ್ಳಿಯ ಟೆನಿಸ್ ಪಂದ್ಯಕ್ಕೆ ಎರಡೇ ದಿನ ಇರುವಾಗ ನನ್ನ ಒಂದೇ ಒಂದು ರ‍್ಯಾಕೆಟ್ಟಿನ ತಂತಿ ಹರಿಯಿತು. ಮೊದಲ ಸುತ್ತಿನಲ್ಲೇ ಸೋತರೆ ಆಟ ಸಾಕು, ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಹೊಸ ತಂತಿಯ ಸುರುಳಿ ಚೀಲದಲ್ಲೇ ಇತ್ತು. ಬಿಗಿಯುವವರು ಮಾತ್ರ ಇಡೀ ಶಿರಸಿಯಲ್ಲಿ ಇರಲಿಲ್ಲ. ಯಾರೋ ಹೇಳಿದರೆಂದು ಸಿದ್ದಾಪುರದ ಬಸ್ಸು ಹತ್ತಿ, ಯಕ್ಷಗಾನದ ಮದ್ದಳೆ ಕಟ್ಟುವ ಅಜ್ಜನ ಅಂಗಡಿಯ ಮುಂದೆ ಹೋಗಿ ನಿಂತೆ.

ಅಜ್ಜ ರ‍್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಟ್ಟುವಾ, ತಂಗಿ. ಶ್ರುತಿ ಯಾವುದು?"

"ಇದಕ್ಕೆಂಥ ಶ್ರುತಿ ಅಜ್ಜಾ? ಬಿಗಿಯಾಗಿದ್ರೆ ಸಾಕು."

"ಎಷ್ಟು ಬಿಗಿ ಅಂತ ನಂಗೆ ಹ್ಯಾಂಗೆ ಗೊತ್ತಾಗ್ಬೇಕು? ಚಲೋ ಹೊಡೆತ ಬಿದ್ದಾಗ ಎಂಥ ಸದ್ದು ಬರ್ತದೆ, ಹಾಡಿ ತೋರ್ಸು."

ನೂರಾರು ಜನರೆದುರು ಆಡಿದವಳಿಗೆ ಅಲ್ಲಿ ನಾಚಿಕೆಯಾಯಿತು. ಎದುರಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು. ಕಣ್ಣು ಮುಚ್ಚಿ "ಠಣ್ಣ್" ಎಂದೆ. ಅಜ್ಜ ಹಾರ್ಮೋನಿಯಂ ಮನೆಗಳನ್ನು ಒಂದೊಂದಾಗಿ ಒತ್ತುತ್ತ, "ಇನ್ನೊಂದ್ಸಲ" ಎಂದರು. ಹೀಗೇ ಎಷ್ಟೋ ಸಲ ಕೂಗಿಸಿ ಕಡೆಗೊಮ್ಮೆ ತಲೆದೂಗಿದರು. "ಸಿಕ್ತು. ಕಪ್ಪು ಮೂರು," ಎಂದು ಮೂರನೇ ಕಪ್ಪು ಮನೆಯ ಮೇಲೆ ಬೆರಳಿಟ್ಟರು.

ಸಂಜೆಯೊಳಗೆ ರ‍್ಯಾಕೆಟ್ ಕೈಗೆ ಬಂತು. ಅಂಗಡಿಯ ಗೋಡೆಗೇ ಚೆಂಡು ಹೊಡೆದೆ. ನಾನು ಹಾಡಿದ ಸದ್ದೇ ಬಂತು. ಹುಬ್ಬಳ್ಳಿಯಲ್ಲಿ ಮೂರು ಸುತ್ತು ಗೆದ್ದೆ. ಅಪ್ಪ ಜಾತಕವನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು.

ಆಮೇಲೆ ದೊಡ್ಡ ದೊಡ್ಡ ಊರುಗಳಲ್ಲಿ ಆಡಿದೆ. ತಂತಿಯನ್ನು ಎಷ್ಟು ಪೌಂಡಿಗೆ ಬಿಗಿಯಬೇಕೆಂದು ಅಲ್ಲಿಯವರು ಕೇಳುತ್ತಾರೆ. ನನಗೆ ಇವತ್ತಿಗೂ ಗೊತ್ತಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಹಾಡಿ ತೋರಿಸುತ್ತೇನೆ.