ಪರೀಕ್ಷೆಗೆ ಮುಂಚಿನ ಕಳ್ಳ ಕುಬಸ

ಜೋಳದ ರೊಟ್ಟಿ ಬಡಿಯುವಾಗ ಎರಡು ಸಪ್ಪಳ ಬರುತ್ತವೆ. ಒಂದು ಅಂಗೈಯದು, ಇನ್ನೊಂದು ಬಳೆಯದು. ಗೋವಾದ ಚಿಂಬಲ್‌ನ ನಮ್ಮ ಸಾಲಿನಲ್ಲಿ ಮನೆಗೂ ಮನೆಗೂ ನಡುವೆ ಇದ್ದದ್ದು ಬರೀ ಒಂದು ತಗಡು. ಸಂಜೆ ಯಾರ ಮನೆಯಲ್ಲಿ ಯಾರು ರೊಟ್ಟಿಗೆ ಕೂತಿದ್ದಾರೆ ಅನ್ನುವುದನ್ನು ನೋಡದೆಯೇ ಹೇಳಬಹುದಿತ್ತು. ಬಳೆ ಸಪ್ಪಳ ಇಲ್ಲದ ರೊಟ್ಟಿ ನಮ್ಮ ಮನೆಯಲ್ಲಿ ಶುರುವಾದದ್ದು ತೊಂಬತ್ತರ ಆಚೀಚಿನ ಒಂದು ಮಳೆಗಾಲದಲ್ಲಿ, ನನ್ನ ಹೆಂಡತಿ ನರ್ಸ್ ತರಬೇತಿಯ ಪ್ರವೇಶ ಪರೀಕ್ಷೆಗೆ ಓದಲು ಕೂತಾಗ.

ನಾನು ಗೌಂಡಿ. ವಿಜಾಪುರದ ಕಡೆಯವನು. ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ ಸಾಲಿ ಬಿಟ್ಟು, ಗೋವಾಕ್ಕೆ ಬಂದು, ಕಲ್ಲು ಹೊತ್ತು, ಕಲಸಿದ ಸಿಮೆಂಟು ಹೊತ್ತು, ಕೊನೆಗೆ ಕೈಯಲ್ಲಿ ಕರಣಿ ಹಿಡಿದವನು. ಯಾರ ಮುಂದೂ ಕೈ ಚಾಚಿದವನಲ್ಲ ಅನ್ನುವ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು. ಗೋಡೆ ಕಟ್ಟಿ ದಾರದ ಗುಂಡು ಇಳಿಬಿಟ್ಟು ನೋಡಿದರೆ ಕೂದಲಿನಷ್ಟೂ ಸರಿದಿರುತ್ತಿರಲಿಲ್ಲ. ಅದನ್ನು ನಾನೇ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದೆ.

ಹೆಂಡತಿ ನನಗಿಂತ ಹೆಚ್ಚು ಓದಿದವಳು. ಊರಲ್ಲಿ ಕನ್ನಡದಲ್ಲೇ ಹತ್ತನೇ ಪಾಸಾಗಿದ್ದಳು. ಮದುವೆಯಾಗಿ ಐದಾರು ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಪಣಜಿಯಲ್ಲಿ ಒಬ್ಬ ಯಜಮಾನಿಯ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು, ಅಲ್ಲಿ ಯಜಮಾನಿಗೆ ಬಾಯಿ ಅನ್ನುತ್ತಾರೆ. ಆ ಬಾಯಿ ದೊಡ್ಡ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು. ಒಂದು ದವಾಖಾನೆಯವರು ಸಹಾಯಕ ನರ್ಸ್‌ಗಳ ತರಬೇತಿ ನಡೆಸುತ್ತಾರೆ, ಮದುವೆಯಾದವರನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ ಇರುತ್ತದೆ ಎಂದು ಅವರೇ ಇವಳಿಗೆ ಹೇಳಿ, ಹಳೆಯ ಪುಸ್ತಕ ಕೊಟ್ಟು ಕಳಿಸಿದ್ದರು. ಇವಳು ಅಂಜುತ್ತ ಅಂಜುತ್ತ ನನ್ನ ಮುಂದೆ ಮಾತು ತೆಗೆದಳು. ನಾನು ದೊಡ್ಡ ಮನುಷ್ಯನ ಹಾಗೆ, ‘ಓದು. ಸಂಜಿ ರೊಟ್ಟಿ ನಾ ನೋಡ್ಕೋತೀನಿ’ ಅಂದುಬಿಟ್ಟೆ. ಅನ್ನುವುದು ಸುಲಭ.

ನನ್ನದು ಪ್ಲಾಸ್ಟರ್ ಬಡಿದ ಕೈ. ಹಿಟ್ಟಿಗೆ ಎಸರು ಹೆಚ್ಚಾಗಿ ಒಮ್ಮೆ ಅಂಬಲಿಯಾಯಿತು, ಮತ್ತೊಮ್ಮೆ ಅಂಚೆಲ್ಲ ಸೀಳಿ ರೊಟ್ಟಿ ಹಂಚಿನ ಮೇಲೆ ಮೂರು ತುಂಡಾಯಿತು. ಅವಳು ಗೋಡೆಗೆ ಒರಗಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ದೇಹದೊಳಗಿನ ಒಂದೊಂದರ ಹೆಸರನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಲಿವರ್ ಅಂದರೆ ಯಕೃತ್ತು ಎಂದಳು. ಯಕೃತ್ತೂ ನನಗೆ ಗೊತ್ತಿರಲಿಲ್ಲ. ಮಟನ್ ಅಂಗಡಿಯ ಕಲೇಜಿ ಎಂದ ಮೇಲೆ ತಿಳಿಯಿತು. ಇಬ್ಬರೂ ನಕ್ಕೆವು. ಆ ಕೆಲವು ಸಂಜೆಗಳು ಭಾಳ ಚಲೋ ಇದ್ದವು.

ನಮ್ಮ ಸಾಲಿಗೆಲ್ಲ ಹಿರಿಯಳಾದ ಒಬ್ಬ ಮುದುಕಿ ಪಕ್ಕದ ಮನೆಯಲ್ಲಿದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದೆವು. ಒಂದು ಮುಂಜಾನೆ ನಳದ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿ, ಈಗೀಗ ರೊಟ್ಟಿ ನೀನೇ ಬಡಿಯುತ್ತೀಯಲ್ಲ, ಯಾಕೆ ಎಂದು ಕೇಳಿದಳು. ಕೊಡ ಹಿಡಿದ ಹೆಣ್ಣುಮಕ್ಕಳೆಲ್ಲ ಕಿವಿ ಇತ್ತ ಕೊಟ್ಟರು. ಹೆಂಡತಿ ಓದುತ್ತಾಳೆ, ನಾನು ಅಡುಗೆ ಮಾಡುತ್ತೇನೆ ಎಂದು ಅವರ ಮುಂದೆ ಹೇಳಿಕೊಳ್ಳಲು ಮನಸ್ಸಾಗಲಿಲ್ಲ. ಹೆಂಡತಿಯ ಸೀರೆ ಒಗೆದು ಹಾಕಿದ ಒಬ್ಬನನ್ನು ನಮ್ಮ ಸೈಟಿನಲ್ಲಿ ಏನೇನು ಅಂದು ಆಡಿಕೊಂಡಿದ್ದೆವೋ ನನಗೆ ಗೊತ್ತಿತ್ತು. ಆ ಆಟದಲ್ಲಿ ನಾನೇ ಮುಂದಿದ್ದೆ. ಅದಕ್ಕೆ, ಆಕೆಗೆ ಆರಾಮ ಇಲ್ಲ ಎಂದೆ. ಒಗ್ಗರಣೆ ವಾಸನೆ ಆಗಿಬರುವುದಿಲ್ಲವೇನು ಎಂದು ಆಯಿ ಕೇಳಿದಳು. ಮಾತು ಮುಗಿದರೆ ಸಾಕಾಗಿತ್ತು, ಹೌದು ಎಂದು ಕೊಡ ಎತ್ತಿಕೊಂಡು ಹೊರಟೆ. ಹಿಂದೆ ಹೆಂಗಸರು ಸಣ್ಣಗೆ ನಕ್ಕರು. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಆ ನಗುವಿನ ಅರ್ಥ ನನಗೆ ಹೊಳೆಯಿತು. ತಿರುಗಿ ಹೋಗಿ, ಹಾಗಲ್ಲ ಆಯಿ ಅನ್ನಬಹುದಿತ್ತು. ನಳ ಎಷ್ಟು ದೂರವಿತ್ತು? ಹೋಗಲಿಲ್ಲ.

ಸುದ್ದಿ ನನಗಿಂತ ಮೊದಲು ಸೈಟಿಗೆ ಮುಟ್ಟಿತ್ತು. ಮೇಸ್ತ್ರಿ ಬೆನ್ನು ತಟ್ಟಿ ಚಹಾ ತರಿಸಿದ. ಮಕ್ಕಳಾಗಿಲ್ಲ ಎಂದು ಇಷ್ಟು ವರ್ಷ ನನ್ನ ಕಡೆ ಒಂದು ಥರ ನೋಡುತ್ತಿದ್ದವರು, ಅಂತೂ ಗಂಡಸಾದಿ ನೋಡು ಎಂದು ಚಾಷ್ಟಿ ಮಾಡಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಚಹಾ ಕುಡಿದೆ. ಖರೇ ಹೇಳುತ್ತೇನೆ, ಆ ಚಹಾ ನನಗೆ ಸಿಹಿ ಹತ್ತಿತು.

ನಮ್ಮಲ್ಲಿ ಬಸಿರಿನ ಮಾತನ್ನು ಮೂರು ತಿಂಗಳು ತುಂಬುವವರೆಗೆ ಬಾಯಿಬಿಟ್ಟು ಆಡುವುದಿಲ್ಲ, ದೃಷ್ಟಿಯಾಗುತ್ತದೆ. ಹಾಗಾಗಿ ಹೆಂಗಸರು ಇವಳ ಮುಂದೆ ಏನೂ ಅನ್ನಲಿಲ್ಲ. ಬರೀ ತಿನ್ನಲು ತಂದರು. ಒಬ್ಬಳು ಶೇಂಗಾ ಹಿಂಡಿ, ಇನ್ನೊಬ್ಬಳು ಮಾವಿನಕಾಯಿ ಉಪ್ಪಿನಕಾಯಿ. ತಂದವರು ಹಾಗೇ ಹೋಗುತ್ತಾರೆಯೇ? ಕೂತರು, ಮಾತಾಡಿದರು, ಕಣ್ಣು ದಣಿಸಬೇಡ ಎಂದು ಅವಳ ತೊಡೆಯ ಮೇಲಿನ ಪುಸ್ತಕ ತೆಗೆದು ಬದಿಗಿಟ್ಟರು. ಓದುವ ಹೊತ್ತೆಲ್ಲ ಹಾಗೆ ಹೋಗತೊಡಗಿತು. ಬಂದವರಿಗೆ ಏಳಿರಿ ಅನ್ನುವ ಸ್ವಭಾವ ಅವಳದಲ್ಲ.

ಒಂದು ಸಂಜೆ ಅವರು ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿದಳು. ಮುಖ ಅರಳಿತ್ತು.

‘ನನ್ನ ಪರೀಕ್ಷಾದ ಸಲುವಾಗಿ ಎಷ್ಟು ಕಾಳಜಿ ಮಾಡ್ತಾರ ನೋಡ್ರಿ ಎಲ್ಲಾರೂ. ನಾನ ಸುಮ್ನ ಅಂಜಿದ್ದೆ, ನಗ್ತಾರ ಅಂತ.’

ನಾನು ಒಲೆಯ ಕಡೆ ಮುಖ ಮಾಡಿ ಹಿಟ್ಟು ನಾದುತ್ತಲೇ ಇದ್ದೆ. ಅಷ್ಟು ನಾದಿದ ಹಿಟ್ಟು ನನ್ನ ಜೀವಮಾನದಲ್ಲಿ ಮತ್ತೊಂದಿಲ್ಲ.

ಪರೀಕ್ಷೆ ವಾರವಿದೆ ಅನ್ನುವಾಗ, ಒಂದು ರವಿವಾರ, ಆಯಿ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದು ಒಳಗಿನಿಂದ ಅಗಳಿ ಹಾಕಿದಳು. ಕೈಯಲ್ಲಿ ಸೆರಗು ಮುಚ್ಚಿದ ಅಗಲ ತಟ್ಟೆ, ಪರಾತ. ಸೆರಗು ಸರಿಸಿದರೆ ಹಸಿರು ಕುಬಸದ ಬಟ್ಟೆ, ಹಸಿರು ಬಳೆ, ಕೊಬ್ಬರಿ, ಹೋಳಿಗೆ. ನಮ್ಮ ಕಡೆ ಮೂರು ತಿಂಗಳಿಗೆ ಯಾರಿಗೂ ಗೊತ್ತಾಗದಂತೆ ಬಸುರಿಗೆ ಕುಬಸ ಕೊಡುತ್ತಾರೆ, ಕಳ್ಳ ಕುಬಸ ಎನ್ನುತ್ತಾರೆ. ತವರು ದೂರ ಉಳಿದ ಹುಡುಗಿಗೆ ತಾನೇ ತಾಯಿಯಾಗಿ ನಿಂತು ಅದನ್ನು ಮಾಡಲು ಬಂದಿದ್ದಳು ಆಯಿ.

ಇವಳ ಕೈ ಹಿಡಿದು ಬಳೆ ಏರಿಸಲು ಹೋದಾಗ ಇವಳು ನಗುತ್ತ ಕೇಳಿದಳು. ‘ಪರೀಕ್ಷಾಕ್ಕ ಹೊಂಟವರಿಗೂ ಹಸರ ಬಳಿ ಇಡಸ್ತಾರೇನು ಆಯಿ?’

‘ಯಾವ ಪರೀಕ್ಷಾನ ಯವ್ವಾ? ಹೊಟ್ಯಾಗ ಕೂಸು ಇಟ್ಕೊಂಡು ಎಲ್ಲಿಗೆ ಹೋಗ್ತಿ?’

ಇವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮೊದಲು ಪರಾತ ನೋಡಿದಳು. ಮೂಲೆಯಲ್ಲಿದ್ದ ಉಪ್ಪಿನಕಾಯಿ ಭರಣಿ ನೋಡಿದಳು. ಆಮೇಲೆ ನನ್ನನ್ನು. ನನ್ನ ಕೈ ಮೊಣಕೈವರೆಗೂ ಹಿಟ್ಟಾಗಿತ್ತು.

‘ನೀವ ಹೇಳ್ರಿ,’ ಅಂದಳು. ದನಿ ಏರಿಸಲಿಲ್ಲ.

ಹೇಳಿದೆ. ಹಾಗೇನೂ ಇಲ್ಲ, ಆಕೆ ಓದುತ್ತಾಳೆಂದು ರೊಟ್ಟಿ ನಾನು ಬಡಿಯುತ್ತೇನೆ, ಹೇಳಿಕೊಳ್ಳಲು ನಾಚಿಕೆಯಾಗಿ ಆರಾಮ ಇಲ್ಲ ಎಂದೆ. ಇಬ್ಬರು ಹೆಂಗಸರೂ ನೆಲ ನೋಡುತ್ತ ಕೂತರು. ಆಯಿ ಬಳೆಗಳನ್ನು ಒಂದೊಂದಾಗಿ ಪರಾತಕ್ಕೆ ಇಟ್ಟಳು.

‘ರೊಟ್ಟಿ ಬಡಿಯಾಕ ನಾಚಿಕಿ ಬಂತೇನಪಾ ತಮ್ಮಾ ನಿನಗ? ಈ ಪರದೇಶದಾಗ ನನ್ನ ಬಾಣಂತನ ಎಲ್ಲಾ ನನ್ನ ಗಂಡನ ಮಾಡ್ಯಾನ. ಸಾಯೂತನಕ ಯಾರ ಮುಂದೂ ಮುಚ್ಚಿಡಲಿಲ್ಲ ಅಂವ.’

ಹೋಗುವಾಗ ಇವಳ ತಲೆಯ ಮೇಲೆ ಕೈ ಇಟ್ಟು ಹೋದಳು. ನನ್ನ ಕಡೆ ನೋಡಲಿಲ್ಲ.

ಅವತ್ತು ಇವಳು ಬಯ್ಯಲಿಲ್ಲ, ಅಳಲಿಲ್ಲ. ಪುಸ್ತಕ ತೆರೆದಳು. ಆದರೆ ನಾನು ರೊಟ್ಟಿ ಮುಗಿಸಿ ಹಂಚು ಇಳಿಸುವವರೆಗೂ ಹಾಳೆ ತಿರುಗಿದ ಸಪ್ಪಳ ಕೇಳಲಿಲ್ಲ. ಆ ವಾರವೆಲ್ಲ ಹಾಗೇ ಹೋಯಿತು. ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ ಎಂದು ನಳಕ್ಕೆ ಹೋಗುವುದನ್ನೂ ಬಿಟ್ಟಳು. ಪರೀಕ್ಷೆಯ ದಿನ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಸುತ್ತ ಎರಡು ಜಡೆಯ ಹುಡುಗಿಯರು. ಒಳಗೆ ಹೋಗುವ ಮುಂಚೆ ತಿರುಗಿ ನೋಡಿಯಾಳು ಎಂದು ಗೇಟಿನ ಹತ್ತಿರ ನಿಂತಿದ್ದೆ. ನೋಡದೆಯೇ ಹೋದಳು.

ಆ ಸಲ ಸೀಟು ಸಿಗಲಿಲ್ಲ. ಸುದ್ದಿ ತಿಳಿಸಿದವರು ಆ ನರ್ಸ್ ಬಾಯಿ. ಸಮಾಧಾನ ಹೇಳಲು ಸಾಲಿನ ಹೆಂಗಸರು ಬಂದರು, ಆದರೆ ಬಸಿರು ಸುಳ್ಳಾಯಿತಲ್ಲ ಎಂದು, ಇಲ್ಲದ ಕೂಸಿಗಾಗಿ. ದೇವರು ಮುಂದೆ ಕೊಡುತ್ತಾನೆ ಎಂದರು. ಪರೀಕ್ಷೆ ಹೋಯಿತಲ್ಲ ಎಂದು ಅವಳಿಗೆ ಒಬ್ಬರೂ ಅನ್ನಲಿಲ್ಲ. ಅನ್ನಬಹುದಾಗಿದ್ದವನು ನಾನೊಬ್ಬನೇ. ನಾನು ಅವತ್ತು ಅರ್ಧ ದಿನ ಹೆಚ್ಚಿಗೆ ದುಡಿದು, ಸೈಟಿನಲ್ಲೇ ಕೈಕಾಲು ತೊಳೆದು, ಆದಷ್ಟು ತಡಮಾಡಿ ಮನೆಗೆ ಬಂದೆ.

ಮರುವರ್ಷ ಮತ್ತೆ ಬರೆದಳು. ಓದಿದ್ದು ಆ ಬಾಯಿಯ ಮನೆಯ ಪಡಸಾಲೆಯಲ್ಲಿ, ಕೆಲಸ ಮುಗಿಸಿ ಅಲ್ಲೇ ಕೂತು. ನನ್ನನ್ನು ಏನೂ ಕೇಳಲಿಲ್ಲ. ಸಂಜೆ ಬಂದು ರೊಟ್ಟಿಯನ್ನೂ ತಾನೇ ಬಡಿದಳು. ನಾನು ಮಾಡುತ್ತೇನೆ ಎಂದರೆ, ಬೇಡ ಬಿಡ್ರಿ ಅನ್ನುತ್ತಿದ್ದಳು. ಆ ಸಲ ಪಾಸಾದಳು. ತರಬೇತಿ ಮುಗಿಸಿ ಒಂದು ಸಣ್ಣ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು.

ಆಮೇಲೆ ಒಮ್ಮೆ ಊರಿಗೆ ಹೋದಾಗ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ನನ್ನನ್ನು ಕರೆದು, ಗೌಂಡಿ ಕೆಲಸ ಮಾಡಿಕೊಂಡೇ ಹೆಂಡತಿಯನ್ನು ನರ್ಸ್ ಮಾಡಿದಿಯಲ್ಲೋ, ಶಾಭಾಸ್ ಎಂದರು. ನಾನು ಎದೆ ಮುಂದೆ ಮಾಡಿಕೊಂಡು ಏನೇನೋ ಹೇಳುತ್ತಿದ್ದೆ. ಅಡುಗೆ ಮನೆಯೆಲ್ಲ ನಾನೇ ನೋಡಿಕೊಂಡೆ, ಜನರಿಗೆ ಅಂಜಲಿಲ್ಲ ಎಂದು ಅನ್ನುತ್ತಿದ್ದಾಗಲೇ ಅವಳು ಚಹಾ ತಂದು ಬಾಗಿಲಲ್ಲಿ ನಿಂತಿದ್ದು ಕಂಡಿತು. ಎಲ್ಲವೂ ಕೇಳಿಸಿತ್ತು. ಈಗ ಒಂದು ಮಾತು ಆಡಿದರೆ ನಾನು ಮುಗಿದೆ ಅಂದುಕೊಂಡೆ. ಅವಳು ಹಿರಿಯರಿಗೆಲ್ಲ ಕಪ್ಪು ಕೊಟ್ಟು, ಕೊನೆಗೆ ನನ್ನ ಮುಂದೆ ಬಂದಳು.

‘ಚಾ ಆರತೈತಿ, ಕುಡೀರಿ,’ ಅಂದು ಒಳಗೆ ಹೋದಳು.