ಒಂದು ಮುಖಕ್ಕೆ ಎರಡು ಬಿಸಿಲು

ಅವರ ಬಲಗೈ ಮೊಣಕೈಯಿಂದ ಬೆರಳಿನ ತನಕ ಸುಟ್ಟ ಗೇರುಬೀಜದ ಬಣ್ಣ. ಎಡಗೈ ಸಿಪ್ಪೆ ತೆಗೆದ ಹಲಸಿನ ಬೀಜದಷ್ಟು ಬಿಳಿ. ಎರಡೂ ಒಬ್ಬರದೇ ಕೈಗಳೆಂದು ಮೊದಲ ಸಲ ನೋಡಿದವರು ನಂಬುತ್ತಿರಲಿಲ್ಲ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸನ್ನು ಅವರು ಮೂವತ್ತು ವರ್ಷ ಓಡಿಸಿದ್ದರು. ಕಿಟಕಿಯ ಮೇಲಿಟ್ಟ ಬಲಗೈ ಅಷ್ಟೂ ವರ್ಷ ಬಿಸಿಲು ಕುಡಿದಿತ್ತು.

ಫೋಟೋ ತೆಗೆಯುವ ಮುಂಚೆ ಅವರು ಎರಡೂ ಕೈಯನ್ನು ಮುಂದೆ ಚಾಚಿ ಒಂದು ಗಳಿಗೆ ನೋಡಿಕೊಳ್ಳುತ್ತಿದ್ದರು. "ಎಡಗೈ ಸುಣ್ಣದಂಗೆ ಕಂಡ್ರೆ ಬೆಳಕು ಜಾಸ್ತಿ. ಬಲಗೈ ಕೂದ್ಲು ಕಾಣ್ದಿದ್ರೆ ಬೆಳಕು ಸಾಲ್ದು. ಎರಡೂ ಕೈ ಸರಿಯಾಗಿ ಕಂಡ್ರೆ ಒತ್ತೋದು, ಅಷ್ಟೇ ಮಾರಾಯ್ರೆ." ಅವರ ಕ್ಯಾಮೆರಾ ಯಾರೋ ಬಳಸಿ ಬಿಟ್ಟ ಹಳೆಯದು. ನನ್ನದು ಬೆಂಗಳೂರಿನಿಂದ ತರಿಸಿದ ಹೊಸದು. ಆದರೆ ಬೆಳಕಿನ ಲೆಕ್ಕ ತಪ್ಪುತ್ತಿದ್ದವನು ನಾನು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಲವತ್ತು ವರ್ಷ ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ನಡೆಸಿದೆ. ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟ ಮೇಲೆ ಹೊತ್ತು ಹೋಗದೆ ಫೋಟೋ ಹುಚ್ಚು ಹಿಡಿಸಿಕೊಂಡೆ. ನಮ್ಮದು ಏಳು ಜನರ ಗುಂಪು. ಮೊದಮೊದಲು ಎಲ್ಲ ವಾಟ್ಸಾಪಿನಲ್ಲೇ ನಡೆಯುತ್ತಿತ್ತು. ಯಾರು ಏನು ಹಾಕಿದರೂ ಉಳಿದ ಆರು ಜನರ ಹೆಬ್ಬೆಟ್ಟು, ಕೆಳಗೆ "ಸೂಪರ್".

ಅದನ್ನು ನಿಲ್ಲಿಸಿದವರು ಡ್ರೈವರ್ರು. "ಹೆಬ್ಬೆಟ್ಟು ಒತ್ತೋಕೆ ನಾವೆಂತ ಶಾಲೆ ಮೆಟ್ಲು ಹತ್ತದವ್ರಾ? ಬಾಯಿ ಇಲ್ವಾ?" ಎಂದು ಒಂದು ದಿನ ರೇಗಿದರು. ಆಮೇಲೆ ಅವರೇ ಒಂದು ಪದ್ಧತಿ ಕಟ್ಟಿದರು. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ, ನಮ್ಮಲ್ಲೊಬ್ಬರ ಸ್ಟುಡಿಯೊ ಮಾಳಿಗೆಯಲ್ಲಿ ಸೇರುವುದು. ಯಾರಿಗೂ ಮೊದಲೇ ತೋರಿಸದ ಒಂದು ಫೋಟೋವನ್ನು ಪ್ರಿಂಟ್ ಹಾಕಿಸಿ ತರುವುದು. ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಡುವುದು. ತೆಗೆದವರ ಹೆಸರು ಹಿಂಬದಿಯಲ್ಲಿ. ಎಲ್ಲರೂ ಹೇಳಿ ಮುಗಿಸಿದ ಮೇಲೆ ತಿರುಗಿಸಿ ನೋಡಬೇಕು. ಹೆಸರು ಗೊತ್ತಾದ ಮೇಲೂ ತೆಗೆದವನು ತನ್ನ ಫೋಟೋದ ಪರವಾಗಿ ವಾದ ಮಾಡುವ ಹಾಗಿಲ್ಲ. ಉತ್ತರ ಕೊಡುವುದಿದ್ದರೆ ಇನ್ನೊಂದು ಫೋಟೋದಲ್ಲೇ ಕೊಡಬೇಕು.

ಅವರು ಮಾತಾಡುವುದೆಲ್ಲ ಬಸ್ಸಿನ ಭಾಷೆಯಲ್ಲಿ. ನಾನು ಇಕ್ಕೇರಿ ದೇವಸ್ಥಾನದ ಕಂಬಗಳನ್ನು ತೆಗೆದು ತಂದಾಗ ಬಹಳ ಹೊತ್ತು ನೋಡಿ, "ಕಣ್ಣು ಇಲ್ಲಿ ಹತ್ತುತ್ತೆ, ಸರಿ. ಇಳಿಯೋದೆಲ್ಲಿ? ಸ್ಟಾಪೇ ಇಲ್ದೆ ಸುತ್ತಾ ಇದೆ ಪಾಪ" ಎಂದರು. ಇನ್ನೊಂದು ತಿಂಗಳು ಮೊಮ್ಮಗಳು ದೀಪ ಹಚ್ಚುವ ಚಿತ್ರ ತಂದಿದ್ದೆ. ಕತ್ತಲೆಂದು ಫ್ಲ್ಯಾಶ್ ಬಳಸಿದ್ದೆ. "ದೀಪ ಹಚ್ಚಿ, ಅದರ ಎದುರಿಗೆ ಬಸ್ಸಿನ ಹೆಡ್‌ಲೈಟ್ ಹಾಕಿದಂಗಾಯ್ತು. ಆ ದೀಪಕ್ಕೆ ಎಷ್ಟು ಅವಮಾನ ಆಗಿರಬೇಡ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮೊಮ್ಮಗಳ ಮೇಲೆ ಸುಮ್ಮನೆ ಸಿಡುಕಿದೆ.

ಸಂಕ್ರಾಂತಿ ಕಳೆದ ಮುಂದಿನ ತಿಂಗಳ ಸಭೆಯನ್ನು ನಾನು ಮರೆಯುವುದಿಲ್ಲ. ನಮ್ಮ ಗುಂಪಿನ ಮೊದಲ ಪ್ರದರ್ಶನ ಸಾಗರದ ಒಂದು ಸಭಾಂಗಣದಲ್ಲಿ ನಡೆಯುವುದಿತ್ತು. ಹಿಂದಿನ ತಿಂಗಳುಗಳದ್ದೂ ಸೇರಿಸಿ ಹನ್ನೆರಡು ಚಿತ್ರ ಆರಿಸಬೇಕಿತ್ತು. ಹಗ್ಗದ ತುದಿಯಲ್ಲಿದ್ದ ಒಂದು ಚಿತ್ರದ ಮುಂದೆ ಎಲ್ಲರೂ ನಿಂತುಬಿಟ್ಟಿದ್ದರು. ಬೆಳಗಿನ ಖಾಲಿ ರಸ್ತೆ. ಬಾಳೆಪಟ್ಟೆಯಲ್ಲಿ ಕಟ್ಟಿದ ಹೂವಿನ ಪೊಟ್ಟಣ ಹಿಡಿದು, ಕನ್ನಡಕ ಹಾಕಿದ ಮುದುಕಿಯೊಬ್ಬಳು ನಿಂತಿದ್ದಾಳೆ. ಸೆರಗಿನ ಅಂಚಿಗೆಲ್ಲ ಬೆಳಕಿನ ಗೆರೆ. ಮುಖದ ಸುಕ್ಕುಗಳ ಮೇಲೂ ಹೊಂಬಿಸಿಲು.

ಹೆಸರು ಕಾಣದಿದ್ದರೂ ಅದು ಯಾರದೆಂದು ನನಗೆ ಗೊತ್ತಾಯಿತು. ಬೆಳಗಾಗುವಾಗ ರಸ್ತೆಯ ಮೇಲಿರುವವರು ನಮ್ಮಲ್ಲಿ ಒಬ್ಬರೇ. ಆ ದೀಪದ ಚಿತ್ರಕ್ಕೆ ಬಿದ್ದ ನಗು ನನ್ನೊಳಗೆ ಇನ್ನೂ ಉರಿಯುತ್ತಿತ್ತು.

"ಇದು ಒಂದು ಫೋಟೋ ಅಲ್ಲ, ಎರಡು" ಎಂದೆ. "ನೆರಳು ನೋಡಿ, ನಮ್ಮ ಕಡೆಗೆ ಬಿದ್ದಿದೆ. ಅಂದ್ರೆ ಸೂರ್ಯ ಈಕೆಯ ಬೆನ್ನಿಗೆ. ಹಾಗಾದ್ರೆ ಮುಖದ ಮೇಲೆ ಬಿಸಿಲು ಎಲ್ಲಿಂದ ಬಂತು? ಒಂದು ಮುಖಕ್ಕೆ ಎರಡು ಬಿಸಿಲಾ? ದೇವರು ಈಕೆಗೆ ಅಂತ ಇನ್ನೊಂದು ಸೂರ್ಯನ್ನ ಕೊಟ್ನಾ? ಬೇರೆಲ್ಲೋ ತೆಗೆದ ಮುಖ ತಂದು ಇಲ್ಲಿ ಅಂಟಿಸಿದಾರೆ."

ನಗು ಎದ್ದಿತು. ಈ ಸಲದ ನಗು ನನ್ನ ಪಾಲಿಗೆ ಬಂದಿತ್ತು.

ಆ ನಗುವಿನ ನಡುವೆಯೇ ನನಗೆ ಅದು ಕಂಡಿತು. ನಲವತ್ತು ವರ್ಷ ಕನ್ನಡಕ ಮಾರಿದವನಿಗೆ ಯಾರ ಮುಖದಲ್ಲೂ ಮೊದಲು ಕಾಣುವುದು ಕನ್ನಡಕವೇ. ಮುದುಕಿಯ ಕನ್ನಡಕದ ಗಾಜಿನಲ್ಲಿ, ಸಾಸಿವೆಯಷ್ಟು ಸಣ್ಣದಾಗಿ, ಎರಡು ಹೊಳೆಯುವ ಚೌಕ. ನಡುವೆ ಒಂದು ಕಪ್ಪು ಗೆರೆ. ಅದು ಬಸ್ಸಿನ ಮುಂದಿನ ಗಾಜು. ನಡುವೆ ಪಟ್ಟಿ ಇರುವ ಹಳೆಯ ಬಸ್ಸಿನ ಗಾಜು. ಚಿತ್ರದಲ್ಲಿ ಬಸ್ಸು ಕಾಣುವುದಿಲ್ಲ, ಆದರೆ ಆಕೆಯ ಎದುರಿಗೇ ನಿಂತಿದೆ. ಹಿಂದಿನಿಂದ ಬಂದ ಬಿಸಿಲು ಆ ಗಾಜಿಗೆ ಹೊಡೆದು ವಾಪಸು ಆಕೆಯ ಮುಖದ ಮೇಲೆ ಬಿದ್ದಿದೆ. ಅಂಟಿಸಿದ್ದು ಏನೂ ಇರಲಿಲ್ಲ.

ನಾನು ಬಾಯಿ ಬಿಡಲಿಲ್ಲ.

ಚಿತ್ರವನ್ನು ತಿರುಗಿಸಿದರು. ಡ್ರೈವರ್ರ ಹೆಸರು ಇತ್ತು. ಅವರು ನನ್ನನ್ನೊಬ್ಬನನ್ನೇ ನೋಡಿ, "ಅಂಗಡಿಯವ್ರೆ, ಸರಿಯಾಗಿ ನೋಡಿದ್ರಾ?" ಎಂದರು.

"ನೋಡಿದೆ."

"ಇನ್ನೊಂದ್ಸಲ ನೋಡಿ."

"ನೋಡಿದೆ ಅಂದ್ನಲ್ಲ."

ಅವರು ತಲೆಯಾಡಿಸಿದರು. "ಹಂಗಾರೆ ಚಳಿ ಬರ್ಲಿ. ಈಗ ಸೂರ್ಯ ಜಾಗ ಬಿಟ್ಟ. ಮುಂದಿನ ಚಳಿಗೆ ಅಲ್ಲಿಗೇ ಬರ್ತಾನೆ, ಆಗ ಉತ್ರ ಕೊಡ್ತೀನಿ." ಫೋಟೋ ಬಿಚ್ಚಿಕೊಂಡರು. ಕ್ಲಿಪ್ಪನ್ನು ಮರೆಯದೆ ಹಗ್ಗಕ್ಕೆ ಸಿಕ್ಕಿಸಿದರು. ಪ್ರದರ್ಶನದ ಹನ್ನೆರಡರಲ್ಲಿ ಅದು ಇರಲಿಲ್ಲ. ಆ ಹೂವಿನಮ್ಮನಿಗೆ, "ನಿಮ್ಮ ಪಟ ಸಾಗರದ ದೊಡ್ಡ ಹಾಲಲ್ಲಿ ತೂಗಾಡುತ್ತೆ, ನನ್ನ ಬಸ್ಸಲ್ಲೇ ಕರ್ಕೊಂಡು ಹೋಗಿ ತೋರಿಸ್ತೀನಿ" ಎಂದು ಅವರು ಮಾತು ಕೊಟ್ಟಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಅವರು ಮುನಿಸಿಕೊಂಡು ಬರುವುದನ್ನು ಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಪ್ರತಿ ತಿಂಗಳೂ ಬಂದರು. ಬರಿಗೈಯಲ್ಲಿ ಬಂದರು. "ನಂದು ಒಂದು ಉತ್ರ ಬಾಕಿ ಇದೆ, ಅದಾಗೋ ತನಕ ಬೇರೆ ನೇತು ಹಾಕಲ್ಲ" ಎನ್ನುತ್ತಿದ್ದರು. ಬೇರೆಯವರ ಚಿತ್ರಗಳನ್ನು ಮೊದಲಿನಂತೆಯೇ ನೋಡುತ್ತಿದ್ದರು. ಒಮ್ಮೆ ನಾನು, ಅಂಗಡಿಯ ಕನ್ನಡಿಯಲ್ಲಿ ಹೊಸ ಕನ್ನಡಕ ಹಾಕಿ ತನ್ನನ್ನೇ ಗುರುತಿಸದೆ ನಿಂತ ರೈತನೊಬ್ಬನ ಚಿತ್ರ ತಂದಿದ್ದೆ. ಯಾರದೆಂದು ಅವರಿಗೂ ಗೊತ್ತಾಗಿರಲೇಬೇಕು. "ಇದ್ರಲ್ಲಿ ಕಣ್ಣು ಹತ್ತಿ ಕೂತುಬಿಡ್ತು ಮಾರಾಯ್ರೆ, ಇಳಿಯೋಕೆ ಮನ್ಸೇ ಇಲ್ಲ" ಎಂದರು.

ಅಂದು ಅವರ ಹಿಂದೆಯೇ ಮೆಟ್ಟಿಲಿಳಿದೆ. ಹೇಳಿಯೇಬಿಡುವುದೆಂದು ಹೋದವನು. ಅವರು ತಿರುಗಿ, "ಎಂತ ಅಂಗಡಿಯವ್ರೆ?" ಎಂದರು.

"ಏನಿಲ್ಲ. ಮೋಡ ಆಗಿದೆ, ಕೊಡೆ ತಂದಿದೀರಾ ಅಂತ."

ಅವರು ಕಂಕುಳಲ್ಲಿದ್ದ ಕೊಡೆಯನ್ನು ಎತ್ತಿ ತೋರಿಸಿದರು. "ತಂದಿದೀನಿ" ಎಂದು ಹೋದರು.

ಚಳಿ ಬರಲು ಇನ್ನು ಎರಡು ತಿಂಗಳಿದೆ ಎನ್ನುವಾಗ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದುಹೋಯಿತು.

ಹದಿನಾಲ್ಕು ದಿನ ಕಳೆದ ಮೇಲೆ ಹೊಸನಗರದ ಅವರ ಮನೆಗೆ ಹೋದೆ. ಆ ಫೋಟೋ ಕೇಳಬೇಕಿತ್ತು. ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ಅಳೆದು ನೋಡಿ, "ನೀವು ಕನ್ನಡಕದ ಅಂಗಡಿಯವ್ರಲ್ವಾ? ಬನ್ನಿ, ಕೂತ್ಕಳಿ" ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರಿನ ಒಂದು ವಾರಕ್ಕೆ ಪೆನ್ಸಿಲಿನ ಗುರುತು ಹಾಕಿತ್ತು. ಫೋಟೋ ತಂದು ಕೊಟ್ಟರು.

"ಇದ್ರ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳಿದೆ.

"ಹೇಳ್ದೇ ಇರ್ತಾರಾ? ನಾನೇ ಬೈದಿದ್ದೆ. ಕಳ್ಳ ಅನ್ನಿಸ್ಕೊಂಡು ಬಂದ್ರಲ್ಲ, ಬಸ್ಸಿನ ಗಾಜು ಅಂತ ಒಂದು ಮಾತು ಹೇಳೋಕೆ ಎಂತಾಗಿತ್ತು ನಿಮ್ಗೆ ಅಂತ. ಅದಕ್ಕೆ ಅವ್ರು, ಅಂಗಡಿಯವ್ರ ಕಣ್ಣು ಬಾಳ ಚುರುಕು ಕಣೇ, ಅವ್ರು ಗಾಜು ನೋಡಿದಾರೆ, ಅವ್ರ ಮುಖದಲ್ಲೇ ನಂಗೆ ಕಂಡ್ತು, ಇವತ್ತಲ್ದಿದ್ರೆ ನಾಳೆ ಅವ್ರೇ ಹೇಳ್ತಾರೆ ಅಂದ್ರು."

ಎಂಟು ತಿಂಗಳು ಆ ಮನುಷ್ಯ ಬರಿಗೈಯಲ್ಲಿ ಬಂದು ಕೂತಿದ್ದು ಚಳಿಗಾಗಿ ಮಾತ್ರವಲ್ಲ, ನನಗಾಗಿಯೂ ಕಾಯುತ್ತ.

ಆಕೆಗೆ ಅಲ್ಲೇ ನಿಜ ಹೇಳಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. "ನನ್ ಹತ್ರ ಹೇಳಿ ಎಂತ ಪ್ರಯೋಜ್ನ? ಅಲ್ಲಿ ಹೇಳಿ" ಎಂದರು.

ಮುಂದಿನ ಸಭೆಯಲ್ಲಿ ಹಗ್ಗದ ಮುಂದೆ ನಿಂತು ಹೇಳಿದೆ. ಮಾತಿನಲ್ಲಿ ಉತ್ತರ ಕೊಡಬಾರದೆಂಬ ನಿಯಮವಿತ್ತು. ಮಾತಿನಲ್ಲಿ ತಪ್ಪು ಒಪ್ಪಿಕೊಳ್ಳಬಾರದು ಎಂದೇನೂ ಇರಲಿಲ್ಲ. ಒಬ್ಬರು, "ಹೋಗ್ಲಿ ಬಿಡಿ, ಹೋದವ್ರ ವಿಷ್ಯ ಈಗ್ಯಾಕೆ" ಎಂದರು. ಇನ್ನೊಬ್ಬರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, "ಗಾಜಿಂದ ಮುಖ ಇಷ್ಟು ಬೆಳಗುತ್ತಾ? ನಂಗೆ ಈಗ್ಲೂ ನಂಬಿಕೆ ಬರ್ತಿಲ್ಲ" ಎಂದರು.

"ನಂಬೋದು ಬೇಡ, ಬಂದು ನೋಡಿ. ಅವರ ಉತ್ತರ ಬಾಕಿ ಉಳಿದಿದೆ. ಅದನ್ನ ನಾನು ಕೊಡ್ತೀನಿ."

ಡಿಸೆಂಬರಿನ ಆ ವಾರ ಅವರು ಓಡಿಸುತ್ತಿದ್ದ ಆರು ಗಂಟೆಯ ಬಸ್ಸಿಗೆ ಸಾಗರದಿಂದ ಹೊರಟೆವು. ಮೊದಲ ದಿನ ಐದು ಜನ ಬಂದರು. ಹೊಸನಗರ ದಾಟಿದ ಮೇಲೆ ಹೂವಿನಮ್ಮ ಬಸ್ಸು ಕಾಯುವ ತಿರುವಿನಲ್ಲಿ ಇಳಿದರೆ ಬರೀ ಮಂಜು. ಎರಡನೆಯ ದಿನ ಮೂವರು. ಬಸ್ಸು ಹದಿನೈದು ನಿಮಿಷ ತಡವಾಗಿ, ಸೂರ್ಯ ಮೇಲೇರಿ, ಗಾಜಿನ ಬೆಳಕು ನಮ್ಮ ಕಾಲಿನ ಬುಡದಲ್ಲಿ ಬಿದ್ದಿತ್ತು. ಮೂರನೆಯ ದಿನ ನಾನು ಮತ್ತು ಸ್ಟುಡಿಯೊದವರು ಇಬ್ಬರೇ.

"ಎಂತ ಯಜಮಾನ್ರೆ, ದಿನಾ ಇಲ್ಲಿ ಇಳೀತೀರಿ. ಹೆಣ್ಣು ನೋಡೋಕಾ?" ಎಂದ ಹೊಸ ಡ್ರೈವರ್.

"ನಿಮ್ಮ ಹಿಂದಿನ ಡ್ರೈವರ್ರದ್ದು ಒಂದು ಕೆಲಸ ಉಳಿದಿದೆ. ಎರಡು ನಿಮಿಷ ನಿಲ್ಲಿಸಿ."

ಅವನ ನಗು ಇಳಿಯಿತು. "ಅವ್ರದ್ದಾ? ಮೂರು ನಿಮಿಷ ತಗಳ್ಳಿ."

ಹೂವಿನಮ್ಮ ತೀರ್ಥಹಳ್ಳಿಯ ಅಂಗಡಿಗೆ ಹೋಗುವ ಸೇವಂತಿಗೆಯ ಪೊಟ್ಟಣ ಹಿಡಿದು ಕಾಯುತ್ತಿದ್ದಳು. ಪೊಟ್ಟಣವನ್ನು ಕಂಡಕ್ಟರಿನ ಕೈಗೆ ಕೊಟ್ಟು, ನನ್ನ ರಟ್ಟೆ ಹಿಡಿದು ರಸ್ತೆಯ ಅಂಚಿಗೆ ನಡೆಸಿದಳು. "ಅಲ್ಲಲ್ಲ, ಇಲ್ಲಿ ನಿಲ್ಲಿ. ನಿಮ್ ಡ್ರೈವರ್ರು ನನ್ನ ಇಲ್ಲೇ ನಿಲ್ಸಿದ್ದು."

ನಿಂತೆ. ಬೆನ್ನಿಗೆ ಸೂರ್ಯ, ಎದುರಿಗೆ ಬಸ್ಸು. ನನ್ನ ನೆರಳು ಉದ್ದಕ್ಕೆ ಬಸ್ಸಿನ ಚಕ್ರದ ಕಡೆ ಚಾಚಿತ್ತು. ಇದ್ದಕ್ಕಿದ್ದಂತೆ ಎರಡು ಚೌಕದ ಬೆಂಕಿಯಂಥ ಬೆಳಕು ಮುಖಕ್ಕೆ ಬಡಿಯಿತು. ಸ್ಟುಡಿಯೊದವರು "ಅಯ್ಯೋ ದೇವ್ರೇ" ಎಂದದ್ದು ಕೇಳಿಸಿತು. ಕ್ಯಾಮೆರಾದ ಸದ್ದೂ ಕೇಳಿಸಿತು.

ಆ ಚಿತ್ರವನ್ನು ಹಗ್ಗಕ್ಕೆ ಹಾಕಿದೆವು. ಹಿಂಬದಿಯಲ್ಲಿ ಹೆಸರಿನ ಬದಲು ನಾನು ನನ್ನ ಕೈಯಲ್ಲೇ ಬರೆದದ್ದು ಹೀಗೆ: "ಅಂದು ನಾನು ಗಾಜನ್ನು ನೋಡಿದ್ದೆ. ನೋಡದವನಂತೆ ಇದ್ದೆ." ನಂಬಿಕೆ ಬರುತ್ತಿಲ್ಲ ಎಂದಿದ್ದವರೇ ಅದನ್ನು ತಿರುಗಿಸಿ ಓದಿದರು.

ಈ ವರ್ಷದ ಪ್ರದರ್ಶನದಲ್ಲಿ ಅವರು ತೆಗೆದ ಚಿತ್ರ ಬಾಗಿಲಿನ ಎದುರಿಗೇ ಇತ್ತು. ಪಕ್ಕದಲ್ಲಿ ನನ್ನ ಮುಖದ ಚಿತ್ರ ಹಾಕಿಸಿದೆ. ನನ್ನ ಬರಹವನ್ನೂ ಎಲ್ಲರೂ ಓದುವ ಹಾಗೆ ಕೆಳಗೆ ಅಂಟಿಸಿದೆ. ಡ್ರೈವರ್ರ ಹೆಂಡತಿ ಹೊಸನಗರದಿಂದ ಬಂದು, ಓದಿ, ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಹೂವಿನಮ್ಮನನ್ನು ಡ್ರೈವರ್ರು ಮಾತು ಕೊಟ್ಟಿದ್ದ ಹಾಗೆ ಅದೇ ಬಸ್ಸಿನಲ್ಲಿ ನಾನೇ ಕರೆತಂದಿದ್ದೆ.

ಆಕೆಗೆ ಓದಲು ಬರುವುದಿಲ್ಲ. ತನ್ನ ಪಟವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನದನ್ನು ನೋಡಿದಳು. ಕನ್ನಡಕ ಏರಿಸಿ ಮತ್ತೊಮ್ಮೆ ಎರಡನ್ನೂ ನೋಡಿ, ನನ್ನ ಕಡೆ ತಿರುಗಿದಳು.

"ಅದೇ ಬಿಸ್ಲು, ಅದೇ ಜಾಗ. ನಾನು ಕಣ್ಣು ಬಿಟ್ಕೊಂಡೇ ನಿಂತಿದೀನಿ. ನೀವ್ಯಾಕೆ ಮುಚ್ಕೊಂಡಿರಿ?"

ಉತ್ತರ ಮಾತಿನಲ್ಲಿ ಕೊಡುವ ಹಾಗಿಲ್ಲವಲ್ಲ. ಮುಂದಿನ ಚಳಿಗೆ ಸೂರ್ಯ ಅಲ್ಲಿಗೆ ಬರುತ್ತಾನೆ. ನಾನೂ ಹೋಗುತ್ತೇನೆ.