ಪೇಪರ್ ಹೊನ್ನೂರಪ್ಪ ಮತ್ತು ತೋಪಿನ ಗಾಡಿ

ಬಳ್ಳಾರಿಯ ಲಾರಿ ಡ್ರೈವರ್‌ಗಳ ಮುಂದೆ ಬರೀ ಹೊನ್ನೂರಪ್ಪ ಅಂದರೆ ಯಾವ ಹೊನ್ನೂರಪ್ಪ ಎಂದು ಕೇಳುತ್ತಾರೆ. ಈ ಸೀಮೆಯಲ್ಲಿ ಆ ಹೆಸರಿಗೇನು ಬರವೇ? ಪೇಪರ್ ಹೊನ್ನೂರಪ್ಪ ಅಂದರೆ ಮಾತ್ರ ನೇರ ಅವನ ಶೆಡ್ಡಿಗೇ ತಂದು ಬಿಡುತ್ತಾರೆ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಗೇರ್‌ಬಾಕ್ಸ್ ಮೇಸ್ತ್ರಿ ಅವನು. ಯಾವ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದರೂ ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿ, ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಪೇಪರ್ ಒಣಗಿಯೇ ಇದ್ದರೆ ಮಾತ್ರ ಕೀ ಕೊಡುವುದು ಅವನ ಪದ್ಧತಿ. ಒಂದು ಹನಿ ಎಣ್ಣೆ ಕಂಡರೂ ಮುಗಿಯಿತು, ಮತ್ತೆ ಬಿಚ್ಚುವುದೇ. ಡ್ರೈವರ್‌ಗಳು ಬೈದರು, ಕೈಮುಗಿದರು. ಜಪ್ಪಯ್ಯ ಅಂದರೂ ಹೊನ್ನೂರಪ್ಪ ಕೀ ಬಿಡುತ್ತಿರಲಿಲ್ಲ.

ಆ ಹಠವೇ ಅವನಿಗೆ ಹೆಸರು ತಂದದ್ದು. ಈಗ ಅವನನ್ನು ಒಳಗೊಳಗೇ ತಿನ್ನುತ್ತಿರುವುದೂ ಅದೇ.

ಹತ್ತಿ ಮಿಲ್ಲಿನ ಚನ್ನಬಸವ ಸಾವ್ಕಾರನಿಗೆ ಹಳೆಯ ಗಾಡಿಗಳ ಹುಚ್ಚು. ಸಿರುಗುಪ್ಪ ರಸ್ತೆಯಲ್ಲಿರುವ ಅವನ ಗೋದಾಮಿಗೆ ಒಂದು ದಿನ ಟ್ರೇಲರ್ ಮೇಲೆ ಉಕ್ಕಿನ ಗಾಡಿಯೊಂದು ಬಂದಿಳಿಯಿತು. ಎರಡನೇ ಮಹಾಯುದ್ಧದ ಕಾಲದ್ದು. ನಾಲ್ಕು ಚಕ್ರ, ಮೈತುಂಬ ದಪ್ಪ ಕವಚ, ತಲೆಯ ಮೇಲೆ ಬಾಯಿ ಮುಚ್ಚಿದ ಸಣ್ಣ ತೋಪು. ನೋಡಲು ಬಂದವರು ತೋಪಿನ ಗಾಡಿ ಅಂದರು, ಅದೇ ಹೆಸರಾಯಿತು. ಎಂಜಿನ್ ಮಾಡುವವರು, ಬಣ್ಣ ಹೊಡೆಯುವವರು ಹೇಗೋ ಸಿಕ್ಕರು. ಗೇರ್‌ಬಾಕ್ಸಿಗೆ ಮಾತ್ರ ಹೊನ್ನೂರಪ್ಪನಿಗೇ ಬುಲಾವು ಬಂತು.

ಅದು ಲಾರಿಯ ಗೇರ್‌ಬಾಕ್ಸಿನಂಥದ್ದಲ್ಲ. ಮೊದಲು ಒಂದು ಸಣ್ಣ ಹಿಡಿಕೆ ಸರಿಸಿ ಮುಂದೆ ಯಾವ ಗೇರ್ ಬೇಕೆಂದು ಹೇಳಿಡಬೇಕು. ಬೇಕಾದಾಗ ಎಡಗಾಲಿನ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟರೆ ಗೇರ್ ತಾನಾಗಿ ಬೀಳುತ್ತದೆ. ಒಳಗಿನ ಡ್ರಮ್ಮುಗಳನ್ನು ಬಿಗಿಹಿಡಿಯಲು ಪಟ್ಟಿಗಳಿವೆ. ಪಟ್ಟಿ ಸಡಿಲಾಗಿದ್ದರೆ, ಇಲ್ಲವೇ ಪೆಡಲನ್ನು ಅರೆಬರೆ ಒತ್ತಿದರೆ, ಅದು ಎಮ್ಮೆಯ ಹಾಗೆ ಕಾಲಿಗೇ ಒದೆಯುತ್ತದೆ. ಮೊದಲ ವಾರವೇ ಒದೆಸಿಕೊಂಡು ಕುಂಟಿದ ಹೊನ್ನೂರಪ್ಪನಿಗೆ ಅದರ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. ಪಟ್ಟಿಗಳಿಗೆ ಹೊಸ ಲೈನಿಂಗ್ ಹೊಡೆಸಿದ, ಒಂದೊಂದನ್ನೂ ಹದಕ್ಕೆ ತಂದ, ಗಾಡಿ ಓಡಿತು. ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿಕೊಂಡು ತಿರುಗುವ ಒಂದು ದೊಡ್ಡ ಬಟ್ಟಲಿದೆಯಲ್ಲ, ಅದರ ಕೊರಳಿನಿಂದ ದಿನಾ ಬೆಳಿಗ್ಗೆ ಪೇಪರ್ ಮೇಲೆ ಹನಿ ಬಿದ್ದಿರುತ್ತಿತ್ತು.

ಸುದ್ದಿ ಸಿರುಗುಪ್ಪದಲ್ಲಿ ಮಗಳು ಜಡೆಮ್ಮನ ಮನೆಯಲ್ಲಿದ್ದ ಹೊನ್ನೂರಪ್ಪನ ಸೋದರಮಾವ ಎರ್ರೆಪ್ಪನ ಕಿವಿಗೆ ಬಿತ್ತು. ಕೆಂಚನಗುಡ್ಡದ ಎರ್ರೆಪ್ಪ ಮೀಸೆ ಮೂಡುವ ವಯಸ್ಸಿಗೇ ಮಿಲಿಟರಿ ಸೇರಿ ಇಂಥದ್ದೇ ಗಾಡಿ ಓಡಿಸಿದವನು. ತಂದೆಯಿಲ್ಲದ ಹೊನ್ನೂರಪ್ಪನನ್ನು ಕೈಹಿಡಿದು ಗ್ಯಾರೇಜಿಗೆ ಸೇರಿಸಿದವನೂ ಅವನೇ. ಎಂಬತ್ತು ದಾಟಿದ್ದರೂ ಮಗಳನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿ ಬಂದೇಬಿಟ್ಟ. ಗಾಡಿಯನ್ನು ಒಂದು ಸುತ್ತು ಹಾಕಿ, ಕವಚದ ಮೇಲೆ ಅಂಗೈಯಿಟ್ಟು ನಿಂತ. ಆಮೇಲೆ ಪಂಚೆ ಎತ್ತಿ ಎಡಗಾಲಿನ ಹಳೆಯ ಗಾಯದ ಗುರುತು ತೋರಿಸಿದ.

“ಇದ ನೋಡಲೇ ನನ್ನ ಒದ್ದಿದ್ದು. ಇದಲ್ಲಂದ್ರ ಇದರ ಅಣ್ಣನೋ ತಮ್ಮನೋ.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಎರ್ರೆಪ್ಪನ ದನಿ ಸಣ್ಣದಾಯಿತು. “ಹೊನ್ನೂರ, ಗೇಟಿನ ತನಕ ಒಂದ್ ಸಲ ಓಡಿಸ್ತೀನಿ. ಸಾವ್ಕಾರ್ರನ್ನ ಒಂದ್ ಮಾತು ಕೇಳು.”

ಸಾವ್ಕಾರ ಅಲ್ಲೇ ಇದ್ದ. “ಅದಕ್ಕೇನ್ ಕೇಳ್ತೀರಿ? ಹತ್ರಿ ಮ್ಯಾಲ” ಅಂದ.

ಬೇಡ ಅಂದವನು ಹೊನ್ನೂರಪ್ಪನೇ. “ಎಣ್ಣಿ ಸೋರಾಕ ಹತ್ತೈತಿ ಮಾವ. ಪೇಪರ್ ಒಣಗ್ಲಿ, ನಾನ ಬಂದು ಕರಕೊಂಡು ಬರ್ತೀನಿ.”

“ಲೇ, ಇದು ಸೋರೋ ಗಾಡಿನ ಅಲ್ಲೇನಲೇ! ಮುಂಜಾನಿ ಎದ್ದು ಕೆಳಗ ಬಗ್ಗಿ ನೋಡೋದು ನಮ್ಮ ಮೊದಲ ಕೆಲಸ. ಹನಿ ಬಿದ್ದಿದ್ರ ಒಳಗ ಎಣ್ಣಿ ಐತಿ ಅಂತ. ಬೀಳಲಿಲ್ಲಂದ್ರ ಗಾಡಿ ಹೊರಗ ತಗೀತಿದ್ದಿಲ್ಲ.”

ವಯಸ್ಸಾದವರ ಮಾತು ಎಂದು ಹೊನ್ನೂರಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗೇಟಿನ ತನಕ ಹೋಗಿ ಬರಲು ಆ ಹನಿ ಏನೂ ಅಡ್ಡಿಯಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಕೆಲಸಕ್ಕೆ ಹಚ್ಚಿದ ಮಾವನ ಮುಂದೆ ಒಂದು ಕುಂದೂ ಇಲ್ಲದ ಗಾಡಿ ನಿಲ್ಲಿಸಬೇಕೆಂಬ ಹಮ್ಮು. ಅದರಲ್ಲಿ ಪ್ರೀತಿಯೂ ಬೆರೆತಿತ್ತು ನೋಡಿ, ಹಾಗಾಗಿ ಅದು ಹಮ್ಮು ಎಂದು ಅವನಿಗೆ ತಿಳಿಯಲೇ ಇಲ್ಲ.

ಆ ಕೊರಳಿನಲ್ಲಿ ಎಣ್ಣೆ ತಡೆಯುವ ಸರಿಯಾದ ಸೀಲು ಎಲ್ಲೂ ಸಿಗಲಿಲ್ಲ. ಚರ್ಮ ಕತ್ತರಿಸಿ ಹಾಕಿದ, ನಿಲ್ಲಲಿಲ್ಲ. ದಾರದಂಥ ಪ್ಯಾಕಿಂಗ್ ಸುತ್ತಿ ಅದನ್ನು ಒತ್ತಿಹಿಡಿಯುವ ನಟ್ಟನ್ನು ದಿನಾ ಇಷ್ಟಿಷ್ಟೇ ಬಿಗಿದ, ಹನಿ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಭಾನುವಾರ ಬಂತೆಂದರೆ ಎರ್ರೆಪ್ಪನ ಫೋನು. “ಪೇಪರ್ ಒಣಗ್ಯಾತೇನ್ಲೇ?” “ಇನ್ನೊಂದ್ ಸ್ವಲ್ಪ ಮಾವ.” ಸಿರುಗುಪ್ಪದ ಗದ್ದೆಗಳಲ್ಲಿ ನಾಟಿಯಾಯಿತು, ಕೊಯ್ಲೂ ಆಯಿತು. ಒಮ್ಮೆ ಜಡೆಮ್ಮ ಫೋನು ಕಿತ್ತುಕೊಂಡು ಅಂದಳು: “ಅಪ್ಪ ದಿನಾ ಕುರ್ಚಿ ಮ್ಯಾಲ ಕುಂತು ಎಡಗಾಲ ಒತ್ತಿ ಒತ್ತಿ ಬಿಡ್ತಾನ ಬಾವಾ. ರೂಢಿ ತಪ್ಪಬಾರದಂತ. ಯಾವಾಗ ಕರ್ಕೊಂಡು ಹೋಗ್ತಿ?” ಹೊನ್ನೂರಪ್ಪ ನಕ್ಕುಬಿಟ್ಟ. ಆ ನಗು ನೆನಪಾದರೆ ಇವತ್ತಿಗೂ ಅವನಿಗೆ ಅನ್ನ ಸೇರುವುದಿಲ್ಲ.

ಎರ್ರೆಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದ. ಮುರಿದದ್ದು ಎಡಗಾಲೇ. ಡಾಕ್ಟರು ರಾಡು ಹಾಕಿದರು, ಮೂಳೆ ಕೂಡಿತು, ಆದರೆ ಮೊಣಕಾಲು ಮಡಚುವುದು ನಿಂತುಹೋಯಿತು. ಅವನು ಹಾಸಿಗೆಯಲ್ಲಿದ್ದಾಗಲೇ ಇತ್ತ ಗೋದಾಮಿನಲ್ಲಿ, ಕೊರಳಿನ ನಟ್ಟನ್ನು ಇನ್ನಷ್ಟು ಬಿಗಿದ ಮಾರನೆಯ ಬೆಳಿಗ್ಗೆ, ಪೇಪರ್ ಒಣಗಿತ್ತು.

ಕೊಟ್ಟ ಮಾತಿನಂತೆ ಹೊನ್ನೂರಪ್ಪ ಕಾರು ಮಾಡಿಕೊಂಡು ಹೋಗಿ ಮಾವನನ್ನು ಕರೆತಂದ. ಎರ್ರೆಪ್ಪ ಕೋಲೂರಿ ಗಾಡಿಯ ಹತ್ತಿರ ಬಂದ. ಹತ್ತಿ ಒಳಗಿಳಿಯಬೇಕಾದ ಆ ಇಕ್ಕಟ್ಟಿನ ಕಂಡಿಯನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ. “ಇದು ನನ್ನ ಕೈಲಾಗೋದಲ್ಲ ಬಿಡು. ನೀನ ಓಡಿಸು, ನೋಡ್ತೀನಿ.”

ಹೊನ್ನೂರಪ್ಪ ಗೇಟಿನ ತನಕ ಹೋಗಿ ಬಂದ. ಒಂದು ಗೇರಾದರೂ ತಡವರಿಸಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಎಲ್ಲವೂ ಬೆಣ್ಣೆಯಂತೆ ಬಿದ್ದವು. ಗಾಡಿಯನ್ನು ತಂದು ಅದೇ ಪೇಪರ್ ಮೇಲೆ ನಿಲ್ಲಿಸಿದ.

ಕುರ್ಚಿಯಲ್ಲಿ ಕುಳಿತಿದ್ದ ಎರ್ರೆಪ್ಪ ಕೋಲಿನ ಮೇಲೆ ಭಾರ ಹಾಕಿ ಗಾಡಿಯ ಕೆಳಗೆ ಬಗ್ಗಿ ನೋಡಿದ. “ಎಣ್ಣಿ ಹಾಕಿಲ್ಲೇನ್ಲೇ?”

“ಹಾಕೀನಿ ಮಾವ.”

“ಮತ್ತ ಹನಿ ಎಲ್ಲೈತಿ?”

ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ, ಹಳೆಯ ಡ್ರೈವರನ ರೂಢಿ ಅಷ್ಟೇ. ಹೊನ್ನೂರಪ್ಪ ಪಾನಾ ತೆಗೆದುಕೊಂಡು ಗಾಡಿಯ ಕೆಳಗೆ ಸರಿದ. ಅಷ್ಟು ದಿನ ಬಿಗಿದಿದ್ದ ಆ ನಟ್ಟನ್ನು ತನ್ನ ಕೈಯಾರೆ ಸಡಿಲಿಸಿದ. ಹನಿ ಕೂಡಿಕೊಂಡು ಪೇಪರ್ ಮೇಲೆ ಬಿತ್ತು.

“ಹಾಂ, ಈಗ ಸರಿ ಐತಿ ನೋಡು” ಅಂದ ಎರ್ರೆಪ್ಪ. “ಈಗ ಓಡಿಸಬೌದು.”

ಕೆಳಗೆ ಮಲಗಿದ್ದ ಹೊನ್ನೂರಪ್ಪನಿಗೆ ಮಾವನ ಪಾದಗಳಷ್ಟೇ ಕಾಣುತ್ತಿದ್ದವು. ಎಡಪಾದ ಪೆಡಲ್ ಒತ್ತುವ ಹಾಗೆ ನೆಲವನ್ನು ಒತ್ತಲು ನೋಡಿತು, ಆಗಲಿಲ್ಲ. ಜಡೆಮ್ಮ ಎರಡು ಸಲ ಬಾವಾ ಎಂದು ಕರೆದರೂ ಅವನು ಗಾಡಿಯ ಕೆಳಗಿನಿಂದ ಹೊರಗೆ ಬರಲಿಲ್ಲ.